ಹತ್ತಿರವೂ ಇರಬೇಕು, ಉರುಳಲೂಬಾರದು: ವಾಡಿಯ ತುಂಡು ಕಟ್ಟಿಗೆ ಮತ್ತು ಓದುವ ದೀಪದ ಕಥೆ

ಈ ಸಲ ಪರೀಕ್ಷೆ ಹತ್ತಿರ ಬಂದಾಗ ನಾವು ಗೆಳೆಯರು ಸೇರಿ ಒಂದು ಟೇಬಲ್ ಲ್ಯಾಂಪ್ ಮಾಡಿದೆವು. ಮೋಟರು ಬಂದಿದ್ದ ಪೆಟ್ಟಿಗೆಯ ನಾಲ್ಕಾರು ಪಟ್ಟಿ, ಒಡೆದ ಫರ್ಸಿ ಕಲ್ಲಿನ ತುಂಡು, ಒಂದು ಹೋಲ್ಡರ್, ಎರಡು ಮೀಟರ್ ವೈರು, 5 ವ್ಯಾಟಿನ ಬಲ್ಬು. ಇಷ್ಟೇ ಸಾಮಾನು. ನಮ್ಮಲ್ಲೊಬ್ಬರ ಅಕ್ಕನ ಮಗಳು ವಾಡಿ ಹತ್ತಿರದ ಹಳ್ಳಿಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ದೀಪ ಅವಳಿಗೆ.

ಒಯ್ದು ಕೊಟ್ಟಾಗ ಅಕ್ಕ ಸ್ವಿಚ್ ಹಾಕಿ ನೋಡಲಿಲ್ಲ. ಬೆಳಕು ಎಷ್ಟು ಬರುತ್ತದೆ ಎಂದೂ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಮಾತು.

“ಇದು ಉರುಳಂಗಿಲ್ಲ ಅಲಾ ತಮ್ಮಾ?”

ಈ ಪ್ರಶ್ನೆ ಅಕ್ಕನಿಗೆ ಎಲ್ಲಿಂದ ಬಂತು ಎಂದು ಅವರ ಎಡಗೈ ನೋಡಿದವರಿಗೆ ಗೊತ್ತಾಗುತ್ತದೆ. ಅದನ್ನು ಮುಂದೆ ಹೇಳುತ್ತೇವೆ. ಆದರೆ ಆ ಪ್ರಶ್ನೆ ಅಕ್ಕನದು ಮಾತ್ರ ಅಲ್ಲ. ಓದುವ ದೀಪ ಪುಸ್ತಕದ ಹತ್ತಿರ ಇರಬೇಕು, ಹತ್ತಿರ ಇದ್ದೂ ಉರುಳಬಾರದು. ಈ ಎರಡನ್ನೂ ಒಟ್ಟಿಗೆ ದಕ್ಕಿಸಿಕೊಳ್ಳಲು ನಮ್ಮ ಕಡೆಯ ಮನೆಗಳಿಗೆ ಬಹಳ ಕಾಲ ಬೇಕಾಯಿತು. ವಾಡಿಯ ರೈಲು, ಸಿಮೆಂಟು, ಕಲ್ಲು ಎಲ್ಲವೂ ಆ ಕಥೆಯಲ್ಲಿ ಬರುತ್ತವೆ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಒಂದು ಮೊಳ ಅಗೆದರೆ ಸುಣ್ಣದ ಕಲ್ಲು. ಪದರ ಪದರವಾಗಿ ಏಳುವ ಕಲ್ಲು ಅದು. ಗೋಡೆ ಅದರದ್ದೇ, ನೆಲ ಅದರದ್ದೇ, ಎಷ್ಟೋ ಮನೆಗಳ ಮಾಳಿಗೆಗೂ ಅದೇ ಚಪ್ಪಡಿ. ಕಟ್ಟಿಗೆ ಮಾತ್ರ ತುಟ್ಟಿ. ಬೇವು, ಜಾಲಿ ಹೊಲದಲ್ಲಿ ಸಿಗುತ್ತಿದ್ದವು. ಅವು ಬಂಡಿಗೆ, ನೇಗಿಲಿಗೆ, ಬಾಗಿಲ ಚೌಕಟ್ಟಿಗೆ ಹೋಗುತ್ತಿದ್ದವು. ಉಳಿದ ಚಕ್ಕೆ ಒಲೆಗೆ. ಬೇಡವಾದ ಕಟ್ಟಿಗೆ ಎಂಬುದು ನಮ್ಮ ಅಜ್ಜಿಯರ ಕಾಲದ ಮನೆಯಲ್ಲಿ ಇರಲೇ ಇಲ್ಲ ಎಂದರೆ ತಪ್ಪಲ್ಲ.

ಹಾಗಾಗಿ ದೀಪದ ಜಾಗವನ್ನೂ ಕಲ್ಲಿನಲ್ಲೇ ಮಾಡಿದರು. ಗೋಡೆ ಕಟ್ಟುವಾಗಲೇ ಎದೆಮಟ್ಟಕ್ಕೆ ಒಂದು ಮಾಡ ಬಿಡುತ್ತಿದ್ದರು. ಪಣತಿಯೋ ಬುಡ್ಡಿಯೋ ಅದರೊಳಗೆ. ಗಾಳಿ ತಾಗುವುದಿಲ್ಲ, ಕೋಳಿ ಹಾರಿ ಬೀಳಿಸುವುದಿಲ್ಲ, ಮಕ್ಕಳ ಕಾಲು ತಾಗುವುದಿಲ್ಲ. ಹಳೆಯ ಮನೆಗಳಲ್ಲಿ ಮಾಡದ ಮೇಲ್ಭಾಗ ಇಂದಿಗೂ ಮಸಿಯಿಂದ ಕಪ್ಪಾಗಿರುವುದನ್ನು ನೀವೂ ನೋಡಿರಬಹುದು. ಆ ದೀಪ ಉರುಳುತ್ತಿರಲಿಲ್ಲ, ನಿಜ. ಆದರೆ ಅದು ಗೋಡೆಯಲ್ಲಿ ಸಿಕ್ಕಿಕೊಂಡ ದೀಪ. ಊಟಕ್ಕೆ ಕೂಡಲು, ದನ ಕಟ್ಟಲು ಸಾಕು. ಅಕ್ಷರಕ್ಕೆ ಸಾಲದು.

ಓದು ಇರಲಿಲ್ಲ ಎಂದಲ್ಲ. ಶ್ರಾವಣದಲ್ಲಿ ಗುಡಿಯಲ್ಲಿ, ಮಠದಲ್ಲಿ ಪುರಾಣ ಹಚ್ಚುವುದು ನಮ್ಮ ಕಡೆ ಹಳೆಯ ಪದ್ಧತಿ. ಪುಸ್ತಕ ಇಡಲು ವ್ಯಾಸಪೀಠ ಇರುತ್ತದೆ. ಮಸೀದಿಯಲ್ಲಿ ಅದೇ ಆಕಾರದ ರೆಹಲ್. ಇವೆರಡನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದೇ ಹಲಗೆಯನ್ನು ನಡುವೆ ಬೆರಳುಗಳಂತೆ ಕೊರೆದು, ಮೊಳೆ ಇಲ್ಲದೆ, ಅಂಟು ಇಲ್ಲದೆ ಕತ್ತರಿಯಂತೆ ತೆರೆಯುವ ಹಾಗೆ ಮಾಡಿರುತ್ತಾರೆ. ಇಷ್ಟು ಕಡಿಮೆ ಕಟ್ಟಿಗೆಯಲ್ಲಿ ಓದಿಗೆಂದು ಮಾಡಿದ ಇಷ್ಟು ಜಾಣ ಸಾಮಾನು ಬೇರೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅದರ ಪಕ್ಕದಲ್ಲಿ ಒಂದು ದೀಪ ಇಟ್ಟರೆ ಆಯಿತು. ಓದುವವರು ಒಬ್ಬರು, ಕೇಳುವವರು ನೂರು ಜನ. ಕೇಳುವವರಿಗೆ ಬೆಳಕು ಯಾಕೆ ಬೇಕು?

ಶಾಲೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಮನೆಯ ಪ್ರತಿ ಮಗುವಿಗೂ ಒಂದು ಪುಸ್ತಕ, ಪ್ರತಿ ಪುಸ್ತಕಕ್ಕೂ ಬೆಳಕು. ದೀಪ ಮಾತ್ರ ಅದೇ ಒಂದು.

ಇನ್ನು ರೈಲಿಗೆ ಬರೋಣ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ತಲುಪಿತು. ಅಲ್ಲಿ ಮದ್ರಾಸಿನಿಂದ ಬಂದ ಹಳಿಗೆ ಕೂಡಿಕೊಂಡಿತು. ನಿಜಾಮರ ರಾಜಧಾನಿ ಹೈದರಾಬಾದ್ ಈ ದಾರಿಯಲ್ಲಿ ಇರಲಿಲ್ಲ. ಅದಕ್ಕಾಗಿ ನಿಜಾಮ ಸರ್ಕಾರದ ಹಣದಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಇನ್ನೊಂದು ಹಳಿ ಹಾಕಿದರು. 1874ರಲ್ಲಿ ಅದು ಶುರುವಾಯಿತು. ವಾಡಿ ಜಂಕ್ಷನ್ ಆದದ್ದು ಹೀಗೆ.

ಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರ್ ಎಂದರೆ ಆ ಕಾಲಕ್ಕೆ ಬಹುಪಾಲು ಮರ. ಕಬ್ಬಿಣದ್ದೂ ಇದ್ದವು, ಆದರೆ ಮರವೇ ಹೆಚ್ಚು. ಒಂದು ಮೈಲಿ ಹಳಿಗೆ 1,760ರಿಂದ 2,000 ಸ್ಲೀಪರ್ ಬೇಕಾಗುತ್ತಿತ್ತು. ಸಾಗವಾನಿ, ಸಾಲ, ದೇವದಾರು ಮರಗಳು ಕಾಡಿಗೆ ಕಾಡೇ ಉರುಳಿದವು. ಸಾಲದೆ ಬಂದಾಗ ಯುರೋಪಿನ ಪೈನ್ ಜಾತಿಯ ಮರಕ್ಕೆ ಕ್ರಿಯೊಸೋಟ್ ಎಂಬ ಎಣ್ಣೆ ಕುಡಿಸಿ ಹಡಗಿನಲ್ಲಿ ತರಿಸಿದರು. 1864ರಲ್ಲಿ ಬ್ರಿಟಿಷರು ಅರಣ್ಯ ಇಲಾಖೆ ಮಾಡಿದ್ದಕ್ಕೆ ಕಾಡಿನ ಮೇಲಿನ ಪ್ರೀತಿಗಿಂತ ಸ್ಲೀಪರ್ ಮುಗಿದು ಹೋದೀತು ಎಂಬ ಭಯವೇ ದೊಡ್ಡ ಕಾರಣ. ಕಲ್ಲಿನ ನಾಡಾದ ನಮ್ಮಲ್ಲಿಗೆ ಹೀಗೆ ದೂರದ ಕಾಡುಗಳ ಕಟ್ಟಿಗೆ ಬಂದು ಮಲಗಿತು.

ಮರದ ಸ್ಲೀಪರ್ ಶಾಶ್ವತ ಅಲ್ಲ. ಬಿಸಿಲು, ಮಳೆ, ಗೆದ್ದಲು, ಮೇಲೆ ರೈಲಿನ ಭಾರ. ಹತ್ತು ಹದಿನೈದು ವರ್ಷಕ್ಕೆ ಅದನ್ನು ತೆಗೆದು ಹೊಸದು ಹಾಕಬೇಕು. ತೆಗೆದದ್ದು ಹರಾಜಿಗೆ. ಬಾಗಿಲ ಚೌಕಟ್ಟು, ಹಟ್ಟಿಯ ಕಂಬ, ಬಾವಿಯ ಅಡ್ಡ ತೊಲೆ ಹೀಗೆ ರೈಲು ಹೋಗುವ ಊರುಗಳಲ್ಲಿ ಹಳೆಯ ಸ್ಲೀಪರಿಗೆ ನೂರು ಉಪಯೋಗ.

ರೈಲು ಇನ್ನೊಂದು ತಂದಿತು, ಅದು ದೀಪ. ಸಿಗ್ನಲ್ ಕಂಬದ ಮೇಲೆ ಕೆಂಪು, ಹಸಿರು ಗಾಜಿನ ಹಿಂದೆ ಸೀಮೆಎಣ್ಣೆ ದೀಪ ಇರುತ್ತಿತ್ತು. ಅದನ್ನು ಒರೆಸಿ, ಎಣ್ಣೆ ತುಂಬಿ, ಕಂಬ ಹತ್ತಿ ಹಚ್ಚಲು ಲ್ಯಾಂಪ್‌ಮನ್ ಎಂಬ ನೌಕರನೇ ಇದ್ದ. ಗಾಳಿಗೆ ಆರದಂತೆ, ಅಲುಗಿದರೂ ಚೆಲ್ಲದಂತೆ ಮಾಡಿದ ದೀಪಗಳು ಅವು. ದೀಪ ಆರಿದರೆ ಗಾಡಿ ಗಾಡಿಗೆ ಗುದ್ದುತ್ತದೆ. ಅದಕ್ಕೇ ಆ ಜೋಪಾನ. ಹಳಿಯ ಆಚೆ ಮನೆಯಲ್ಲಿ ಓದುವ ಮಗುವಿನ ದೀಪಕ್ಕೆ ಅಂಥ ಜೋಪಾನ ಯಾರೂ ಮಾಡಲಿಲ್ಲ.

ಆ ಮಗುವಿಗೆ ಸಿಕ್ಕಿದ್ದು ಚಿಮಣಿ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ.

ಸೀಮೆಎಣ್ಣೆ ಮೊದಮೊದಲು ಅಮೆರಿಕದಿಂದ ಬರುತ್ತಿತ್ತು. ಚೌಕದ ತಗಡಿನ ಎರಡು ಡಬ್ಬಿ, ಅವೆರಡನ್ನೂ ಕೂಡಿಸಿದ ಒಂದು ಕಟ್ಟಿಗೆ ಪೆಟ್ಟಿಗೆ. 1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ಬೇರೆ ದಾರಿ ಹಿಡಿದ. ಮುಂದೆ ಶೆಲ್ ಕಂಪನಿ ಕಟ್ಟಿದವನು ಇವನೇ. ಡಬ್ಬಿಯ ಖರ್ಚು ಯಾಕೆ ಎಂದು ಮ್ಯೂರೆಕ್ಸ್ ಎಂಬ ಹಡಗಿನ ಹೊಟ್ಟೆಗೇ ರಷ್ಯಾದ ಎಣ್ಣೆ ತುಂಬಿ ಸೂಯೆಜ್ ಕಾಲುವೆಯಿಂದ ಪೂರ್ವಕ್ಕೆ ಕಳಿಸಿದ. ಎಣ್ಣೆ ಅಗ್ಗ, ಜನ ತಮ್ಮ ಪಾತ್ರೆ ತಂದು ಒಯ್ಯುತ್ತಾರೆ ಎಂದು ಅವನ ಲೆಕ್ಕ. ಲೆಕ್ಕ ತಪ್ಪಿತು. ಏಷ್ಯಾದ ಜನ ಎಣ್ಣೆಯಷ್ಟೇ ಡಬ್ಬಿಗಾಗಿಯೂ ಕೊಳ್ಳುತ್ತಿದ್ದರು! ಖಾಲಿ ಡಬ್ಬಿಯಿಂದ ಮಾಳಿಗೆ ತಗಡು, ಕೊಡ, ಒಲೆ, ದೀಪ ಎಲ್ಲ ಆಗುತ್ತಿತ್ತು. ಕೊನೆಗೆ ಅವನು ತಗಡು ಕಳಿಸಿ, ಪೂರ್ವದ ಬಂದರುಗಳಲ್ಲೇ ಡಬ್ಬಿ ಮಾಡಿಸಬೇಕಾಯಿತು. ಅಮೆರಿಕದ್ದು ನೀಲಿ ಡಬ್ಬಿ, ಇವನದು ಕೆಂಪು. ಜಗತ್ತಿನ ದೊಡ್ಡ ಕಂಪನಿಯೊಂದಕ್ಕೆ ಬಡವರ ಗುಜರಿ ಬುದ್ಧಿ ಪಾಠ ಹೇಳಿದ ಪ್ರಸಂಗ ಇದು.

ಚಿಮಣಿ ಹುಟ್ಟಿದ್ದು ಅಂಥ ತಗಡಿನಿಂದಲೇ. ತಗಡಿನ ತುಂಡು ಸುತ್ತಿ ಬೆಸುಗೆ ಹಾಕಿ ಒಂದು ಮೂತಿ ಇಟ್ಟರೆ ಚಿಮಣಿ. ಅದೂ ಇಲ್ಲದವರು ಶಾಯಿ ಬಾಟ್ಲಿಯ, ಔಷಧ ಬಾಟ್ಲಿಯ ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ಇಳಿಸುತ್ತಿದ್ದರು. ಗಾಜಿನ ಕಂದೀಲು ಇತ್ತು, ಆದರೆ ಅದು ದೊಡ್ಡವರಿಗೆ, ಹೊಲಕ್ಕೆ, ಬಾಣಂತಿ ಕೋಣೆಗೆ. ಮಕ್ಕಳ ಪಾಲಿಗೆ ಚಿಮಣಿ.

ಚಿಮಣಿ ಓದಿಗೆ ಒಂದು ಉಪಕಾರ ಮಾಡಿತು. ಮಾಡದಿಂದ ದೀಪವನ್ನು ಇಳಿಸಿ ಪುಸ್ತಕದ ಪಕ್ಕಕ್ಕೆ ತಂದಿತು. ಆದರೆ ಪುಸ್ತಕದ ಪಕ್ಕ ಎಂದರೆ ನೆಲ. ನೆಲದಲ್ಲಿ ಚಾಪೆ, ಕೌದಿ, ಮಲಗಿದ ತಮ್ಮಂದಿರು. ಹಗುರ ತಗಡು, ಒಳಗೆ ಎಣ್ಣೆ, ಮೇಲೆ ಬೆಂಕಿ. ಕೈ ತಾಗಿದರೆ ಮಗುಚುತ್ತದೆ, ಮಗುಚಿದರೆ ಚೆಲ್ಲುತ್ತದೆ, ಚೆಲ್ಲಿದರೆ ಹೊತ್ತುತ್ತದೆ.

ಅಕ್ಕ ಏಳನೇ ತರಗತಿಯಲ್ಲಿ ಇದ್ದಾಗ ಆದದ್ದು ಅದೇ. ಕರೆಂಟು ಹೋಗಿತ್ತು, ಮರುದಿನ ಗಣಿತದ ಪರೀಕ್ಷೆ. ಪುಸ್ತಕದ ಹಾಳೆ ತಿರುವುವಾಗ ಮೊಳಕೈ ತಾಗಿ ಚಿಮಣಿ ಉರುಳಿತು. ಕೌದಿ ಹೊತ್ತಿತು, ಪಕ್ಕದಲ್ಲಿ ಮಲಗಿದ್ದ ತಮ್ಮನನ್ನು ಎಳೆಯಲು ಹೋಗಿ ಅಕ್ಕನ ಎಡಗೈ ಸುಟ್ಟಿತು. ಆ ತಮ್ಮ ಈಗ ನಮ್ಮ ಜೊತೆ ಕೂತು ಇದನ್ನು ಬರೆಯುತ್ತಿದ್ದಾರೆ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಶಾಲೆ ಬಿಟ್ಟದ್ದು ಬಿಟ್ಟೇ ಹೋಯಿತು. ಮನೆಯಲ್ಲಿ ಯಾರೂ ಬಿಡಿಸಲಿಲ್ಲ, ಯಾರೂ ಮತ್ತೆ ಕಳಿಸಲೂ ಇಲ್ಲ.

ಶ್ರೀಲಂಕಾದಲ್ಲಿ ವಿಜಯ ಗೊಡಕುಂಬುರ ಎಂಬ ಶಸ್ತ್ರಚಿಕಿತ್ಸಕರು ಇಂಥ ಮಕ್ಕಳನ್ನು, ಹೆಂಗಸರನ್ನು ಆಸ್ಪತ್ರೆಯಲ್ಲಿ ನೋಡಿ ನೋಡಿ ಬೇಸತ್ತರು. ಸುಟ್ಟವರಿಗೆ ಔಷಧ ಹಚ್ಚುತ್ತಾ ಕೂತರೆ ಮುಗಿಯುವುದಿಲ್ಲ, ದೀಪವನ್ನೇ ಸರಿ ಮಾಡಬೇಕು ಎಂದುಕೊಂಡರು. ಅವರಿಗೆ ದಾರಿ ತೋರಿಸಿದ್ದು ಮಾರ್ಮೈಟ್ ಎಂಬ ತಿನಿಸಿನ ಖಾಲಿ ಬಾಟ್ಲಿ. ಗಿಡ್ಡ, ದಪ್ಪ, ಭಾರದ ಗಾಜು. ಅದನ್ನು ನೋಡಿ ಅವರು ಮಾಡಿಸಿದ ದೀಪಕ್ಕೆ ತಿರುಗಿಸಿ ಬಿಗಿಯುವ ಲೋಹದ ಮುಚ್ಚಳ, ಎರಡು ಬದಿ ಚಪ್ಪಟೆ. ಉರುಳಿದರೂ ಹೊರಳಿ ಹೋಗುವುದಿಲ್ಲ, ಎಣ್ಣೆ ಚೆಲ್ಲುವುದಿಲ್ಲ. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಆ ದೀಪದ ಬೆಳಕು ಚಿಮಣಿಗಿಂತ ಹೆಚ್ಚೇನಲ್ಲ. ಬದಲಾದದ್ದು ತಳ ಮಾತ್ರ.

ನಮ್ಮ ಕಡೆ ಅಷ್ಟೊತ್ತಿಗೆ ಕರೆಂಟು ಬಂದಿತ್ತು. ಅದೂ ಒಂದು ವಿಚಿತ್ರ. ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ 1936ರಲ್ಲಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನದೂ ಒಂದು. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಹಗಲು ರಾತ್ರಿ ಉರಿಯುವ ಕಾರ್ಖಾನೆಯ ದೀಪಗಳು ರಾತ್ರಿ ದೂರದ ಹೊಲದಿಂದಲೂ ಕಾಣುತ್ತವೆ. ಅದನ್ನು ನೋಡುತ್ತಾ ಚಿಮಣಿಯಲ್ಲಿ ಓದಿದವರು ನಮ್ಮ ಹಿಂದಿನ ತಲೆಮಾರಿನವರು.

1979-80ರಲ್ಲಿ ರಾಜ್ಯ ಸರ್ಕಾರ ಭಾಗ್ಯಜ್ಯೋತಿ ಯೋಜನೆ ತಂದಿತು. ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ. ಎಷ್ಟೋ ಗುಡಿಸಲುಗಳು ಮೊದಲ ಸಲ ಬೆಳಗಿದವು, ಅದನ್ನು ಕಡಿಮೆ ಮಾಡಿ ಹೇಳಬಾರದು. ಉರುಳುವ ಭಯವೂ ಇಲ್ಲ. ಆದರೆ ಬಲ್ಬು ಒಂದೇ. ಎಲ್ಲರಿಗೂ ಕಾಣಲಿ ಎಂದು ಅದನ್ನು ತೊಲೆಗೆ, ಮೇಲೆ ಕಟ್ಟುತ್ತಿದ್ದರು. ಅವ್ವ ರೊಟ್ಟಿ ಬಡಿಯಲು ಕೂತರೆ ನೆರಳು ಪುಸ್ತಕದ ಮೇಲೆ. ಮಾಡದ ದೀಪ ಮತ್ತೆ ಗೋಡೆ ಹತ್ತಿ ಕೂತಂತಾಯಿತು.

ದೂರ ಎಷ್ಟು ನಷ್ಟ ಮಾಡುತ್ತದೆ ಎಂದು ಒಂದು ಸಣ್ಣ ಲೆಕ್ಕ ಹೇಳುತ್ತೇವೆ. ಬೆಳಕು ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲು. ಎಂಟು ಅಡಿ ಮೇಲಿನ ಬಲ್ಬನ್ನು ಪುಸ್ತಕದಿಂದ ಎರಡು ಅಡಿಗೆ ತಂದರೆ ಹಾಳೆಯ ಮೇಲೆ 16 ಪಟ್ಟು ಬೆಳಕು ಬೀಳುತ್ತದೆ. ಬಲ್ಬು ಅದೇ, ಬಿಲ್ಲು ಅಷ್ಟೇ. ಈಗಿನ 5 ವ್ಯಾಟಿನ ಎಲ್‌ಇಡಿ ಹೆಚ್ಚುಕಡಿಮೆ ಹಳೆಯ 40 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ, ಹೆಚ್ಚು ಬಿಸಿಯೂ ಆಗುವುದಿಲ್ಲ. ಕಟ್ಟಿಗೆಯ ದೀಪ ಮಾಡುವ ಧೈರ್ಯ ನಮಗೆ ಬಂದದ್ದು ಇದರಿಂದಲೇ. ಹಳೆಯ ಬಲ್ಬಿನ ಕಾವಿಗೆ ಕಟ್ಟಿಗೆ ಕಪ್ಪಾಗುತ್ತಿತ್ತು.

ದೀಪವನ್ನು ಬೇಕಾದಲ್ಲಿಗೆ ಬಗ್ಗಿಸುವ ಉಪಾಯ ಬಂದದ್ದು ಕಾರಿನಿಂದ. ಇಂಗ್ಲೆಂಡಿನ ಬಾತ್ ಊರಿನ ಜಾರ್ಜ್ ಕಾರ್ವರ್ಡೈನ್ ಕಾರಿನ ಸ್ಪ್ರಿಂಗುಗಳ ಮೇಲೆ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಕೈ ಮಡಚಿದಂತೆ ಮಡಚಿ, ಬಿಟ್ಟಲ್ಲೇ ನಿಲ್ಲುವ ದೀಪವನ್ನು ಅವರು 1932ರಲ್ಲಿ ಮಾಡಿದರು. ಮೊದಲು ಅದು ಕಾರ್ಖಾನೆಯ ಕೆಲಸಗಾರರಿಗೆಂದು ಇತ್ತು, ಆಮೇಲೆ ಓದುವ ಮೇಜಿಗೆ ಬಂತು. ಅದರ ತಳ ನೋಡಿ, ಭಾರವಾದ ಕಬ್ಬಿಣ. ಇನ್ನು ಪೆಟ್ಟಿಗೆ ಕಟ್ಟಿಗೆಯ ವಿಷಯದಲ್ಲಿ ನಮಗೇನೂ ಸಂಕೋಚ ಬೇಡ. ಹಾಲೆಂಡಿನ ಹೆಸರಾಂತ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ 1930ರ ದಶಕದಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿಯಲ್ಲೇ ಕುರ್ಚಿ ಮಾಡಿ ಮಾರಿಸಿದವರು.

ಇನ್ನು ನಮ್ಮ ದೀಪಕ್ಕೆ ಬರೋಣ. ಮೊದಲು ನಮಗೆ ಹೊಳೆದದ್ದು ಸ್ಲೀಪರ್. ವಾಡಿ ಎಂದರೆ ರೈಲು, ರೈಲಿನ ಕಟ್ಟಿಗೆಯಲ್ಲೇ ದೀಪ ಮಾಡಿದರೆ ಎಷ್ಟು ಚೆಂದ ಎಂದುಕೊಂಡೆವು. ಈಗ ಹಳಿಯ ಕೆಳಗೆ ಕಾಂಕ್ರೀಟ್ ಸ್ಲೀಪರ್ ಬಂದು ಮರದ್ದು ಹೋಗಿದೆ. ಸಿಮೆಂಟು ಮರವನ್ನು ಹಳಿಯಿಂದ ಎಬ್ಬಿಸಿತು ಎನ್ನಬಹುದು. ಆದರೂ ಹಳೆಯ ತುಂಡುಗಳು ಅಲ್ಲಲ್ಲಿ ಇವೆ. ನಮ್ಮ ಓಣಿಯ ಬಡಿಗೇರ ಕಾಕಾ ಒಂದೇ ಮಾತಿನಲ್ಲಿ ಬೇಡ ಅಂದರು.

“ಅದರ ನಾತ ನೋಡ್ರಿ ಮೊದಲ. ಅದು ಎಣ್ಣಿ ಕುಡ್ದ ಕಟ್ಟಿಗಿ. ಮನ್ಯಾಗ ತರಬ್ಯಾಡ್ರಿ.”

ಕಾಕಾ ಹೇಳಿದ್ದು ಸರಿ. ಕ್ರಿಯೊಸೋಟ್ ಎಂದರೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಎಣ್ಣೆ. ಗೆದ್ದಲು ಕೊಲ್ಲುವುದು ಚರ್ಮವನ್ನೂ ಸುಡುತ್ತದೆ, ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿವೆ. ಅದನ್ನು ಕುಡಿದ ಸ್ಲೀಪರ್ ಕೊಯ್ದರೆ ಪುಡಿ ಮೂಗಿಗೆ, ಒಲೆಗೆ ಹಾಕಿದರೆ ಹೊಗೆ ಎದೆಗೆ. ನಿಮ್ಮ ಹಟ್ಟಿಯಲ್ಲಿ ಕಂಬವಾಗಿ ನಿಂತಿದ್ದರೆ ನಿಲ್ಲಲಿ. ಅಡುಗೆ ಒಲೆಗೆ ಮಾತ್ರ ಎಂದಿಗೂ ಹಾಕಬೇಡಿ.

ಕಾಕಾ ತೋರಿಸಿದ್ದು ಪ್ಯಾಕಿಂಗ್ ಪೆಟ್ಟಿಗೆ. ಕಾರ್ಖಾನೆ ಇರುವ ಊರುಗಳಲ್ಲಿ ಯಂತ್ರದ ಭಾಗ, ಮೋಟರು ಇಂಥ ಪೆಟ್ಟಿಗೆಯಲ್ಲೇ ಬರುತ್ತವೆ. ಗುಜರಿ ಅಂಗಡಿಯಲ್ಲಿ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಅದರಲ್ಲೂ ಒಂದು ಗುರುತು ನೋಡಬೇಕು. ಹೊರದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಗೋಧಿ ತೆನೆಯಂಥ ಮುದ್ರೆ ಇರುತ್ತದೆ. 2002ರಲ್ಲಿ ದೇಶಗಳು ಒಪ್ಪಿದ ನಿಯಮ ಅದು, ಕಟ್ಟಿಗೆಯ ಹುಳ ಗಡಿ ದಾಟಬಾರದು ಎಂದು. ಮುದ್ರೆಯ ಪಕ್ಕ ಎರಡು ಇಂಗ್ಲಿಷ್ ಅಕ್ಷರ. ‘ಎಚ್ ಟಿ’ ಎಂದಿದ್ದರೆ ಬರೀ ಕಾಯಿಸಿದ ಕಟ್ಟಿಗೆ, ಧೈರ್ಯವಾಗಿ ಬಳಸಿ. ‘ಎಂ ಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಗಾಳಿ ಹಾಯಿಸಿದ್ದು, ಬಿಟ್ಟುಬಿಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ.

ಪಟ್ಟಿಗಳ ಮೊಳೆ ಕಿತ್ತು, ರಂದಾ ಹೊಡೆದು, ಮರಳು ಕಾಗದ ತಿಕ್ಕಿದೆವು. ಒಳಗಿನಿಂದ ಹಳದಿ ಪೈನ್ ಮರ ಬಂತು. 14 ಇಂಚಿನ ಒಂದು ಕಂಬ, 16 ಇಂಚಿನ ಒಂದು ತೋಳು. ಎರಡೂ ಕೂಡುವಲ್ಲಿ ಒಂದು ಬೋಲ್ಟು, ವಾಶರು, ಕೈಯಿಂದ ತಿರುಗಿಸುವ ಕಿವಿ ನಟ್ಟು. ಕಾರ್ವರ್ಡೈನ್ ಅವರ ಸ್ಪ್ರಿಂಗ್ ನಮ್ಮಲ್ಲಿಲ್ಲ, ನಟ್ಟು ಬಿಗಿದರೆ ನಿಲ್ಲುತ್ತದೆ, ಅಷ್ಟು ಸಾಕು.

ತಳಕ್ಕೆ ಎಂಟಿಂಚು ಚೌಕದ, ಒಂದಿಂಚು ದಪ್ಪದ ಫರ್ಸಿ. ಅದೊಂದೇ ಎರಡೂವರೆ ಕಿಲೋ ತೂಗುತ್ತದೆ. ಕಂಬ ನಿಲ್ಲಿಸಲು ಕಲ್ಲಿಗೆ ತೂತು ಕೊರೆಯಲು ಹೋದೆವು, ಕಲ್ಲು ಎರಡು ಹೋಳಾಯಿತು. ಇನ್ನೊಂದು ತಂದೆವು, ಅದೂ ಅಷ್ಟೇ. ಪದರದ ಕಲ್ಲಿನ ಸ್ವಭಾವ ಅದು, ಆ ಕಲ್ಲಿನ ಮೇಲೆಯೇ ಹುಟ್ಟಿ ಬೆಳೆದ ನಮಗೆ ಗೊತ್ತಿರಬೇಕಿತ್ತು. ಮೂರನೆಯದಕ್ಕೆ ಕಾಕಾ ಕೈ ಹಚ್ಚಿದರು. ಕಲ್ಲಿಗೆ ತೂತೇ ಬೇಡ ಎಂದು ಒಂದು ಹಲಗೆಯ ಅಡಿಗೆ ನಾಲ್ಕೂ ಕಡೆ ಪಟ್ಟಿ ಹೊಡೆದು, ಕಲ್ಲನ್ನು ಅದರೊಳಗೆ ಅಂಟು ಹಾಕಿ ಬಿಗಿಯಾಗಿ ಕೂರಿಸಿದರು. ಕಂಬ ಹಲಗೆಗೆ ಸ್ಕ್ರೂ. ಎಲ್ಲದರ ಕೆಳಗೆ ಹಳೆಯ ಟ್ಯೂಬಿನ ರಬ್ಬರು, ಜಾರದಂತೆ.

ಬಲ್ಬಿಗೆ ಟೋಪಿ ಬೇಕು, ಇಲ್ಲದಿದ್ದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ತಗಡಿನ ಡಬ್ಬಿ ಸುಲಭವಿತ್ತು, ಆದರೆ ವೈರು ಸವೆದು ತಾಗಿದರೆ ತಗಡಿಗೆ ಕರೆಂಟು ಬರುತ್ತದೆ. ಹಾಗಾಗಿ ಸಂತೆಯ ಪುಟ್ಟ ಬಿದಿರು ಬುಟ್ಟಿಗೆ ಒಳಗೆ ಬಿಳಿ ಬಣ್ಣ ಬಳಿದು ಬೋರಲು ಹಾಕಿದೆವು. ವೈರನ್ನು ಹೋಲ್ಡರಿನೊಳಗೆ ಒಂದು ಗಂಟು ಹಾಕಿ ಬಿಡಬೇಕು, ಎಳೆದರೆ ಕಿತ್ತು ಬರಬಾರದು. ಸ್ವಿಚ್ಚು ಫೇಸ್ ತಂತಿಗೇ ಬರಬೇಕು. ವೈರ್ ಮೇಲೆ ಸ್ಕ್ರೂ, ಮೊಳೆ ಬೀಳದಂತೆ ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಈ ಒಂದು ಕೆಲಸಕ್ಕೆ ಊರಿನ ವೈರ್‌ಮನ್ ಕರೆಯಿರಿ, ನಾವೂ ಕರೆದೆವು. ಕರೆಂಟು ಹೋಗುವ ಊರಾದರೆ ಪವರ್ ಬ್ಯಾಂಕಿಗೆ ಹಚ್ಚುವ ಯುಎಸ್‌ಬಿ ಬಲ್ಬು ಸಿಗುತ್ತದೆ. ಅದಕ್ಕೆ ಶಾಕ್ ಭಯವೂ ಇಲ್ಲ.

ಬಲಗೈಯಲ್ಲಿ ಬರೆಯುವ ಮಕ್ಕಳಿಗೆ ದೀಪ ಎಡಕ್ಕೆ ಇಡಿ. ಬಲಕ್ಕಿಟ್ಟರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ.

ಅಕ್ಕನ ಪ್ರಶ್ನೆಗೆ ನಾವು ಬಾಯಲ್ಲಿ ಉತ್ತರ ಹೇಳಲಿಲ್ಲ. ನೀವೇ ನೂಕಿ ನೋಡಿ ಅಂದೆವು. ಅಕ್ಕ ಮೊದಲು ಬೆರಳಿನಿಂದ ನೂಕಿದರು. ಆಮೇಲೆ ಆ ಸುಟ್ಟ ಕೈಯ ಮೊಳಕೈಯನ್ನು ಕಂಬಕ್ಕೆ ತಾಗಿಸಿ, ಹಾಳೆ ತಿರುವಿದ ಹಾಗೆ ಮಾಡಿದರು. ದೀಪ ಕದಲಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ.

“ಇರ್ಲಿ ಬಿಡವ್ವಾ, ನಂಗ ಓದೂದದ,” ಎಂದು ಮಗಳು ದೀಪವನ್ನು ತನ್ನ ಕಡೆ ಎಳೆದುಕೊಂಡು ಸ್ವಿಚ್ ಹಾಕಿದಳು.